ವ್ಯಾಜ್ಯದ ಬೇಲಿಯೊಳಗೆ ಬೆಳೆದ ಕುರುಚಲು

ಹೈದರಾಬಾದಿನ ಗಚ್ಚಿಬೌಲಿ ಎಂದರೆ ನಮ್ಮ ಕಡೆಯವರಿಗೆ ಗಾಜಿನ ಗೋಪುರ, ಮೇಲ್ಸೇತುವೆ, ತಿಂಗಳ ಸಂಬಳ. ಬೀದರ್, ಕಲಬುರಗಿ, ರಾಯಚೂರಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಆ ಗೋಪುರಗಳ ಹಿಂಬದಿಗೇ, ಹೈದರಾಬಾದ್ ವಿಶ್ವವಿದ್ಯಾಲಯದ ಆವರಣಕ್ಕೆ ತಾಗಿಕೊಂಡು 400 ಎಕರೆ ಬಂಡೆ, ಹುಲ್ಲು, ಮುಳ್ಳುಕಂಟಿಯ ನೆಲವಿದೆ. ಅದಕ್ಕೆ ಕಂಚ ಗಚ್ಚಿಬೌಲಿ ಎಂದು ಹೆಸರು. 2025ರ ಮಾರ್ಚ್ 30ರಂದು ಜೆಸಿಬಿಗಳು ಸಾಲುಗಟ್ಟಿ ಒಳಹೊಕ್ಕವು, ರಾತ್ರಿಯಲ್ಲೂ ದೀಪ ಹಾಕಿಕೊಂಡು ಮರ ಉರುಳಿಸಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 100 ಎಕರೆ ಬೋಳಾಗಿತ್ತು.

ಆ ಬಳಿಕ ನ್ಯಾಯಪೀಠ ತೆಲಂಗಾಣ ಸರ್ಕಾರವನ್ನು ಕೇಳಿದ್ದು ಮರುಸ್ಥಾಪನೆಯ ಯೋಜನೆಯನ್ನು. ತರದಿದ್ದರೆ ಅಧಿಕಾರಿಗಳು ಅಲ್ಲೇ ಕೆರೆಯ ಹತ್ತಿರ ಕಟ್ಟುವ ತಾತ್ಕಾಲಿಕ ಜೈಲು ಸೇರಬೇಕಾದೀತು ಎಂಬ ಅರ್ಥದ ಖಾರದ ಮಾತೂ ಬಂತು. ಮರುಸ್ಥಾಪಿಸಬೇಕಾದದ್ದು ಏನು ಎನ್ನುವುದು ಮಾತ್ರ ಸುಲಭದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹುಡುಕಲು ಮರಗಳನ್ನು ಬಿಟ್ಟು ಮೊದಲು ಬಂಡೆಯ ಹತ್ತಿರ ಹೋಗಬೇಕು.

ಹೈದರಾಬಾದಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ನಮ್ಮ ರಾಮನಗರದ ಬೆಟ್ಟಗಳೂ ಹೆಚ್ಚುಕಡಿಮೆ ಅದೇ ಪ್ರಾಯದವು. ಹಂಪಿಯಲ್ಲಿ ಒಂದರ ಮೇಲೊಂದು ಕೂತ ಗುಂಡುಗಳನ್ನು ಕಂಡವರಿಗೆ ಇಲ್ಲಿನ ನೋಟ ಹೊಸದಲ್ಲ. ನೆಲದಾಳದಲ್ಲಿ ಗಟ್ಟಿಯಾದ ಕಲ್ಲು, ಮೇಲಿನ ಭಾರ ಸವೆಯುತ್ತ ಬಂದಂತೆ ಬಿರುಕು ಬಿಟ್ಟಿತು. ಬಿರುಕಿಗೆ ಇಳಿದ ನೀರು ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿಸಿತು, ಬೆಣಚು ಗರಸಾಗಿ ಉಳಿಯಿತು. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಗಲುವುದರಿಂದ ಅವು ಬೇಗ ಸವೆದು ಚೌಕದ ಕಲ್ಲು ಗುಂಡಾಯಿತು. ಮಳೆ ಜೇಡಿಯನ್ನು ತೊಳೆದೊಯ್ದ ಮೇಲೆ ಗುಂಡುಗಳು ಬಯಲಲ್ಲಿ ಉಳಿದವು. ವಿಶ್ವವಿದ್ಯಾಲಯದ ಆವರಣದ 'ಮಶ್ರೂಮ್ ರಾಕ್' ಅಂಥದ್ದೇ ಒಂದು. ಕಟ್ಟಡಗಳ ಹಾಗೆ ಕೆಲವು ಬಂಡೆಗಳನ್ನೂ ಪಾರಂಪರಿಕ ಪಟ್ಟಿಗೆ ಸೇರಿಸಿದ ಊರು ಇದು. 'ಸೊಸೈಟಿ ಟು ಸೇವ್ ರಾಕ್ಸ್' ಎಂಬ ಸಂಘ 1990ರ ದಶಕದಿಂದ ಅದಕ್ಕಾಗಿಯೇ ದುಡಿದಿದೆ. ಆದರೂ ಪಟ್ಟಿಗೆ ಸಿಕ್ಕಿದ ಬಂಡೆಗಿಂತ ಸಿಡಿಮದ್ದಿಗೆ ಸಿಕ್ಕಿದ್ದೇ ಹೆಚ್ಚು.

ಮೇ ತಿಂಗಳಲ್ಲಿ ಈ ಬಂಡೆಗಳ ಮೇಲೆ ಬರಿಗಾಲು ಇಡಲಾಗದು. ಸತ್ತ ಕಲ್ಲಿನಂತೆ ಕಾಣುವ ಆ ಹೊತ್ತಿನಲ್ಲೂ ಅದರ ಮೈಮೇಲೆ ಜೀವ ಇರುತ್ತದೆ. ಇಳಿಜಾರಿನುದ್ದಕ್ಕೂ ಕಾಣುವ ಕಪ್ಪು ಪಟ್ಟೆಗಳನ್ನು ನೀರಿನ ಕಲೆ ಎಂದು ಬಗೆಯುವವರು ಬಹಳ. ಅವು ನೀಲಿಹಸಿರು ಸೂಕ್ಷ್ಮಜೀವಿಗಳ ಪದರ. ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತವೆ, ಅವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಹಿಡಿದು ಗಿಡಗಳಿಗೆ ಒಗ್ಗುವಂತೆ ಮಾರ್ಪಡಿಸುತ್ತವೆ. ಪಕ್ಕದಲ್ಲೇ ಬೂದಿ, ಹಳದಿ, ಕಿತ್ತಳೆ ಬಣ್ಣದ ಚುಕ್ಕಿಗಳಾಗಿ ಅಂಟಿಕೊಂಡದ್ದು ಕಲ್ಲುಹೂವು. ಮಸಾಲೆ ಡಬ್ಬಿಯ ಕಲ್ಲುಹೂವು ಬೇರೆ ಜಾತಿಯದು, ಇದು ಅದರ ಬಡ ದಾಯಾದಿ. ಶಿಲೀಂಧ್ರ ಮತ್ತು ಪಾಚಿ ಒಂದೇ ಮೈಯಲ್ಲಿ ಸಂಸಾರ ಹೂಡಿದ ಈ ಜೀವಿಯ ಕೆಲವು ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹರಡುವುದಿಲ್ಲ. ಅಂದರೆ ಅಂಗೈ ಅಗಲದ ಒಂದು ಕಲೆ ನಮ್ಮ ಅಜ್ಜನಿಗಿಂತ ಹಿರಿಯದಿರಬಹುದು. ಅದು ಸ್ರವಿಸುವ ಆಮ್ಲ ಕಲ್ಲನ್ನು ಕಣಕಣವಾಗಿ ಸಡಿಲಿಸುತ್ತದೆ.

ಜೂನಿನ ಮೊದಲ ಮಳೆ ಬಿದ್ದು ಹತ್ತಿಪ್ಪತ್ತು ನಿಮಿಷವಾಗುವುದರೊಳಗೆ ಬಂಡೆಯ ಬಣ್ಣ ತಿರುಗುತ್ತದೆ. ಒಣಗಿ ಪುಡಿಯಾಗುವಂತಿದ್ದ ಹಾವಸೆ ಹಸಿರಾಗುತ್ತದೆ. ಬೀಜ ಮೊಳೆತು ಹೊಸದಾಗಿ ಹುಟ್ಟಿದ್ದಲ್ಲ ಅದು, ಎಂಟು ತಿಂಗಳು ಉಸಿರು ಹಿಡಿದು ಕೂತಿದ್ದ ಹಳೆಯ ಗಿಡವೇ. ಬಂಡೆಯ ತಗ್ಗುಗಳಲ್ಲಿ ಗೇಣುದ್ದದ ಕೊಳಗಳು ನಿಲ್ಲುತ್ತವೆ, ಅಂಚಿನಲ್ಲಿ ಜೇಕು ಏಳುತ್ತದೆ. ಅಲ್ಲಿನ ಮಣ್ಣು ಎಷ್ಟು ಬಡವೆಂದರೆ, ದಖ್ಖನ್ನಿನ ಇಂಥ ಜಾಗಗಳಲ್ಲಿ ಡ್ರೊಸೆರಾ ಎಂಬ ಪುಟ್ಟ ಗಿಡ ಅಂಟುಹನಿಗಳಲ್ಲಿ ನೊಣ ಹಿಡಿದು ಸಾರಜನಕದ ಕೊರತೆ ತುಂಬಿಕೊಳ್ಳುತ್ತದೆ. ಮೂರು ತಿಂಗಳಲ್ಲಿ ಹೂವು, ಬೀಜ, ಸಾವು ಎಲ್ಲ ಮುಗಿದು ಬೆರಳ ತುದಿಯಷ್ಟು ಕಪ್ಪು ಮಣ್ಣು ತಗ್ಗಿನಲ್ಲಿ ಉಳಿಯುತ್ತದೆ. ಅದು ಸೇರುತ್ತ ಹೋದಲ್ಲಿ ಹುಲ್ಲು ಬರುತ್ತದೆ. ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲಂತೂ ತನ್ನ ಬೀಜವನ್ನು ತಾನೇ ನೆಡುತ್ತದೆ: ಊಬು ತೇವಕ್ಕೆ ಬಿಚ್ಚಿ, ಬಿಸಿಲಿಗೆ ತಿರುಚಿ, ಬೈರಿಗೆ ತಿರುಗಿದ ಹಾಗೆ ತಿರುಗಿ ಕಾಳನ್ನು ಮಣ್ಣಿಗೆ ಇಳಿಸುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಬಸರಿ, ಆಲದ ಬೀಜ ಬಿರುಕಿನಲ್ಲಿ ಬೇರೂರಿದರೆ ಉಳಿದ ಸೀಳುವ ಕೆಲಸ ಅದರದು.

ಈ ಕ್ರಮವನ್ನು ಪಠ್ಯಪುಸ್ತಕಗಳು ಕಲ್ಲುಹೂವು, ಹಾವಸೆ, ಹುಲ್ಲು, ಪೊದೆ, ಮರ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತವೆ. ಇಲ್ಲಿ ಹಾಗಿಲ್ಲ. ಒಂದೇ ಬಂಡೆಯ ನೆತ್ತಿಯಲ್ಲಿ ಇನ್ನೂ ಕಲ್ಲುಹೂವಿನ ಕಾಲ, ಪಕ್ಕದ ತಗ್ಗಿನಲ್ಲಿ ಹುಲ್ಲಿನ ಕಾಲ, ಬುಡದಲ್ಲಿ ಬೇವಿನ ಕಾಲ. ಒಂದು ಜೋರು ಮಳೆ ತಗ್ಗಿನ ಮಣ್ಣನ್ನು ತೊಳೆದರೆ ಅಲ್ಲಿ ಮತ್ತೆ ಸೊನ್ನೆಯಿಂದ ಶುರು. ಈ ಊರಿಗೆ ಅಂಥ ಮಳೆ ಹೊಸದೂ ಅಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಜಲ್ ಪಾರ್ಕಿನ ಒಂದು ಹುಣಸೆ ಮರ ಏರಿ ಸುಮಾರು 150 ಮಂದಿ ಬದುಕಿಕೊಂಡರು. ಆ ಮರ ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಜಲಾಶಯಗಳು ಬಂದವು. ನೀರನ್ನು ಮೇಲೆಯೇ ತಡೆದು ಹಿಡಿಯಬೇಕೆಂಬ ಆ ಮೈಸೂರು ಎಂಜಿನಿಯರರ ಲೆಕ್ಕವನ್ನು ಬಂಡೆಯ ಮೇಲಿನ ಹಾವಸೆ, ಹುಲ್ಲೂ ತಮ್ಮ ಮಟ್ಟದಲ್ಲಿ ಮಾಡುತ್ತಲೇ ಇರುತ್ತವೆ.

ಕಂಚ ಗಚ್ಚಿಬೌಲಿ ಹಿಂದೆ ನಮ್ಮ ಕಡೆಯ ಕಾವಲು, ಗೋಮಾಳದಂಥ ನೆಲ. ದನ, ಕುರಿ, ಮೇಕೆ ಮೇಯುತ್ತಿದ್ದವು, ಸೌದೆಗೆ ಕೊಡಲಿ ಬೀಳುತ್ತಿತ್ತು. ಅದರ ಗುರುತು ಗಿಡಗಳಲ್ಲೇ ಇದೆ. ಬಂದರಿಕೆ, ಆವರಿಕೆ, ಸೀತಾಫಲ ಈ ಮೂರನ್ನೂ ಮೇಕೆ ಮುಟ್ಟುವುದು ಕಡಿಮೆ. ಬಾಯಿ ಬಿದ್ದಲ್ಲಿ ಬಾಯಿಗೆ ರುಚಿಸದ್ದು ಉಳಿಯುತ್ತದೆ. ಆವರಿಕೆ ತೆಲುಗರಿಗೆ ತಂಗೇಡು, ತೆಲಂಗಾಣದ ರಾಜ್ಯಪುಷ್ಪ, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕಾದ ಹೂವು. ಸೀತೆಯ ಹೆಸರು ಹೊತ್ತ ಸೀತಾಫಲ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಅದು ಬಂದು ದಖ್ಖನ್ನಿನ ಕಲ್ಲುಗುಡ್ಡಗಳನ್ನು ತವರು ಮಾಡಿಕೊಂಡು ಶತಮಾನಗಳಾದವು. ಹೊರಗಿನದೆಲ್ಲ ಕೆಟ್ಟದ್ದೆನ್ನುವ ಕಟ್ಟುನಿಟ್ಟಿನ ಪರಿಸರವಾದಿಯೂ ಅದನ್ನು ಕಿತ್ತೊಗೆಯಿರಿ ಎನ್ನಲು ಹಿಂಜರಿಯುತ್ತಾನೆ. ಆ ದಾಕ್ಷಿಣ್ಯ ಬಳ್ಳಾರಿ ಜಾಲಿಗಾಗಲೀ ಲಂಟಾನಕ್ಕಾಗಲೀ ಸಲ್ಲದು.

ನೆಲದ ಮೇಲೆ ಕೊಡಲಿ, ಗೊರಸು ಕಡಿಮೆಯಾದದ್ದು ಒಂದು ವಿಚಿತ್ರ ಕಾರಣಕ್ಕೆ. 1974ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಸುಮಾರು 2,300 ಎಕರೆ ದೊರೆತಿತ್ತು. 2003ರ ಹೊತ್ತಿಗೆ ಆಗಿನ ಆಂಧ್ರಪ್ರದೇಶ ಸರ್ಕಾರ ಈ 400 ಎಕರೆಯನ್ನು ಕ್ರೀಡಾ ಅಕಾಡೆಮಿ ಕಟ್ಟುವುದಾಗಿ ಬಂದ ಖಾಸಗಿ ಸಂಸ್ಥೆಗೆ ಕೊಟ್ಟಿತು, 2006ರಲ್ಲಿ ಮುಂದಿನ ಸರ್ಕಾರ ಅದನ್ನು ರದ್ದು ಮಾಡಿತು. ಸಂಸ್ಥೆ ಕೋರ್ಟಿಗೆ ಹೋಯಿತು. ಹೈಕೋರ್ಟ್ ತೀರ್ಪು ರಾಜ್ಯದ ಪರವಾಗಿ ಬಂದದ್ದು 2024ರ ಮಾರ್ಚಿನಲ್ಲಿ. ಈ ನಡುವಿನ ಎರಡು ದಶಕಗಳಲ್ಲಿ ಸುತ್ತಲಿನ ಎಕರೆಯ ಬೆಲೆ ಕೋಟಿಗಳ ಲೆಕ್ಕದಲ್ಲಿ ಏರಿತು. ಇಲ್ಲಿ ಮಾತ್ರ ಯಾರೂ ಇಟ್ಟಿಗೆ ಇಡುವಂತಿರಲಿಲ್ಲ. ಅರಣ್ಯ ಇಲಾಖೆಯ ಯಾವ ಬೇಲಿಗಿಂತಲೂ ಗಟ್ಟಿಯಾಗಿ ವ್ಯಾಜ್ಯವೇ ನೆಲವನ್ನು ಕಾಯಿತು. ನಿಧಾನಕ್ಕೆ ಹೆಸರಾದ ನಮ್ಮ ನ್ಯಾಯಾಂಗದಿಂದ ಇಂಥದ್ದೊಂದು ಉಪಕಾರವೂ ಉಂಟು! ಬೊಡ್ಡೆಗಳು ಚಿಗುರಿ ಮರವಾದವು, ಕಂಟಿಗಳ ಮರೆಯಲ್ಲಿ ಬೇವು ಎದ್ದಿತು. ಚುಕ್ಕೆ ಜಿಂಕೆ, ಕಾಡುಹಂದಿ, ನವಿಲು, ನಕ್ಷತ್ರ ಆಮೆಗಳಿಗೆ ನೆಲೆಯಾಯಿತು. ವಿಶ್ವವಿದ್ಯಾಲಯದ ನೆಲವನ್ನೂ ಸೇರಿಸಿ ಈ ಪ್ರದೇಶದಲ್ಲಿ 200ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ಮರದ ತೊಗಟೆಗೆ ಅಂಟಿಕೊಂಡು ಬಾಳುವ ಒಂದು ಜೇಡಕ್ಕೆ 2010ರಲ್ಲಿ ಊರಿನ ಹೆಸರನ್ನೇ ಇಟ್ಟು 'ಮುರಿಸಿಯಾ ಹೈದರಾಬಾದೆನ್ಸಿಸ್' ಎಂದು ಕರೆದರು.

ಜೇಡಕ್ಕೂ ಹೊಸ ನೆಲಕ್ಕೂ ಹಳೆಯ ನಂಟು. 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದು ದ್ವೀಪವೆಲ್ಲ ಬೂದಿಯಾಯಿತು. ಮರುವರ್ಷ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ತಂಡಕ್ಕೆ ಕಂಡ ಏಕೈಕ ಜೀವಿ ಒಂದು ಸಣ್ಣ ಜೇಡ. ಹಿಡಿಯಲು ಹುಳವೇ ಇಲ್ಲದ ಕಡೆ ಬಲೆ ನೇಯುತ್ತಿತ್ತು. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತ 1980ರ ಮೇ 18ರಂದು ಸಿಡಿದಾಗ ವಿಜ್ಞಾನಿಗಳು ಕ್ರಕಟೋವದ್ದೇ ಕತೆ ನಿರೀಕ್ಷಿಸಿದ್ದರು. ಆದರೆ ಹಿಮದಡಿ ಹುದುಗಿದ್ದ ಗಿಡಗಳು, ಬಿಲದೊಳಗಿದ್ದ ಹೆಗ್ಗಣದಂಥ ಗೋಫರ್‌ಗಳು ಬದುಕುಳಿದಿದ್ದವು. ಗೋಫರ್‌ಗಳು ತೋಡಿ ಮೇಲೆ ಹಾಕಿದ ಹಳೆಯ ಮಣ್ಣಿನಲ್ಲೇ ಎಷ್ಟೋ ಬೀಜ ಮೊಳೆತವು. ಪ್ರಳಯದ ನಂತರ ಕಾಡಿನ ಗತಿಯನ್ನು ಬಹುಪಾಲು ನಿರ್ಧರಿಸಿದ್ದು ಉಳಿದುಕೊಂಡದ್ದೇ.

ನೆಲ ಮತ್ತೆ ಹಸಿರಾಗುವ ಬಗೆಯ ಕುರಿತು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ, ಎಲ್ಲ ನೆಲವೂ ಆಯಾ ಹವೆಗೆ ತಕ್ಕ ಒಂದು ಅಂತಿಮ ಕಾಡಿನತ್ತ ಸಾಗುತ್ತದೆ ಎಂದು ವಾದಿಸಿದರು. ಹತ್ತು ವರ್ಷದ ಬಳಿಕ ಹೆನ್ರಿ ಗ್ಲೀಸನ್, ಅಂಥ ಗುರಿಯೇನೂ ಇಲ್ಲ, ಪ್ರತಿ ಗಿಡವೂ ತನ್ನ ಪಾಡಿಗೆ ತಾನು ಬಂದು ಸೇರುತ್ತದೆ ಎಂದರು. ಗ್ಲೀಸನ್ನರ ಕಡೆಗೇ ಶಾಸ್ತ್ರ ಹೆಚ್ಚು ವಾಲಿತು, ನಮ್ಮ ಕಚೇರಿಗಳು ಮಾತ್ರ ಇನ್ನೂ ಕ್ಲೆಮೆಂಟ್ಸರ ಕಾಲದಲ್ಲೇ ಇವೆ. ದಟ್ಟ ಮರವಿದ್ದರೆ ಕಾಡು, ಇಲ್ಲದಿದ್ದರೆ ಪಾಳು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2011ರಿಂದ ಬೇರೆ ಮಾತು ಹೇಳುತ್ತ ಬಂದಿದ್ದಾರೆ: ನಾವು ಹಾಳಾದ ಕಾಡು ಎನ್ನುವ ಏಷ್ಯಾದ ಎಷ್ಟೋ ನೆಲ ನಿಜಕ್ಕೂ ಮರಗಳಿರುವ ಹುಲ್ಲುಗಾವಲು. ಬೆಂಕಿ, ಮೇವು, ಬರ ಅದರ ಬಾಳಿನ ಭಾಗ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯ ಹೈದರಾಬಾದಿನ ಬಂಡೆನಾಡನ್ನು ಈ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ಅನಿಸಿಕೆ. ಆಗ ಈ ಕುರುಚಲು ಮಲೆನಾಡಾಗಲು ಸೋತ ನೆಲದಂತೆ ಕಾಣುವುದಿಲ್ಲ.

ಹಾಗಾಗಿಯೇ ಮರುಸ್ಥಾಪನೆ ಎಂದೊಡನೆ ಗುಂಡಿ ತೋಡುವ ಉತ್ಸಾಹ ಕಂಡರೆ ಅಳುಕುತ್ತದೆ. ಗುಂಡಿ ತೋಡಲು ಮತ್ತೆ ಜೆಸಿಬಿಯೇ ಬರುತ್ತದೆ, ಸಾಲಾಗಿ ನರ್ಸರಿಯ ಸಸಿ ಕೂರುತ್ತವೆ, ಎಣಿಸಲು ಸುಲಭ. ಬುಡ ಮಾತ್ರ ಕಡಿದ ಕಡೆ ಅದರ ಅಗತ್ಯವೇ ಇಲ್ಲ. ಮುತ್ತುಗ, ಬೇವು, ಎಲಚಿ ಬೇರಿನಿಂದಲೋ ಬೊಡ್ಡೆಯಿಂದಲೋ ತಾವೇ ಏಳುತ್ತವೆ. ನೆಲದೊಳಗೆ ಆಗಲೇ ಆಳವಾಗಿ ಬೇರುಬಿಟ್ಟ ಗಿಡಕ್ಕೆ ಹೊಸ ಸಸಿ ಸಮವಲ್ಲ. ಬ್ಲೇಡಿನಿಂದ ಮೇಲ್ಮಣ್ಣು ಕೆರೆದು ಹಾಕಿದ ಕಡೆಯದು ಬೇರೆ ಕತೆ. ಬೀಜದ ದಾಸ್ತಾನು ಇರುವುದು ಮೇಲಿನ ಕೆಲವೇ ಅಂಗುಲದಲ್ಲಿ. ಅದು ಹೋದರೆ ಮೊದಲು ನುಗ್ಗುವುದು ಬಳ್ಳಾರಿ ಜಾಲಿ, ಸುಬಾಬುಲ್, ಲಂಟಾನ. ಮುಂಚೆ ಬಂದವರು ಹಿಂದಿನಿಂದ ಬರುವವರಿಗೆ ದಾರಿ ಮಾಡಿಕೊಡುತ್ತಾರೆ ಎಂಬ ನಿಯಮ ಇವುಗಳಿಗೆ ಅನ್ವಯಿಸದು, ಬಾಗಿಲು ಹಾಕಿ ಕೂರುತ್ತವೆ. ಅಲ್ಲಿ ಕಳೆ ಕೀಳುವ, ಪಕ್ಕದ ನೆಲದ ಹುಲ್ಲಿನ ಬೀಜ ಚೆಲ್ಲುವ, ಕೊಚ್ಚಣೆಗೆ ಕಲ್ಲಿನ ಒಡ್ಡು ಇಡುವ ಕೂಲಿ ಕೆಲಸಕ್ಕೆ ಹಣ ಬೇಕು. ಹತ್ತು ವರ್ಷವಾದರೂ ಬೇಕು. ಉದ್ಘಾಟನೆಗೆ ಫಲಕ ನೆಡುವಂಥ ಕೆಲಸವಲ್ಲ, ಆದ್ದರಿಂದ ಆಗುವ ಭರವಸೆ ನನಗೆ ಕಡಿಮೆ. ಇನ್ನು ಸಿಡಿಸಿದ ಬಂಡೆಗೆ ಯಾವ ಯೋಜನೆಯೂ ಇಲ್ಲ. ಅದರ ಮೇಲಿನ ಕಲ್ಲುಹೂವಿಗೇ ಶತಮಾನ ಬೇಕು, ಬಂಡೆಗೆ ಎಲ್ಲಿಂದ ತರುವುದು?

ನೋಡಲು ಹೋಗುವವರಿಗೆ: ಕಂಚ ಗಚ್ಚಿಬೌಲಿ ಪ್ರವಾಸಿ ತಾಣವಲ್ಲ, ವಿಶ್ವವಿದ್ಯಾಲಯದ ಒಳಗೆ ಹೋಗಲು ಅನುಮತಿ ಬೇಕು. ಇದೇ ಬಗೆಯ ನೆಲವನ್ನು ಕಾಲಾಡಿಸಿ ನೋಡಲು ಜುಬಿಲಿ ಹಿಲ್ಸ್‌ನ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ನಿಜಾಮರ ಮನೆತನದ ಚಿರಾನ್ ಅರಮನೆಯ ಸುತ್ತಲಿನ ಈ ಗುಡ್ಡ 1990ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮೇವು, ಸೌದೆ ನಿಂತರೆ ಕಲ್ಲುನೆಲ ಏನಾಗುತ್ತದೆಂದು ಅಲ್ಲಿ ಕಾಣುತ್ತದೆ. ಬೆಳಿಗ್ಗೆ ಹೋಗುವುದು ಮೇಲು. ಹಾವಸೆ, ಜೇಕು ನೋಡಲು ಜುಲೈನಿಂದ ಸೆಪ್ಟೆಂಬರ್, ಹುಲ್ಲು ಹೊಂಬಣ್ಣಕ್ಕೆ ತಿರುಗುವುದು ನವೆಂಬರಿನಲ್ಲಿ. ಒಳಗೆ ಸೀತಾಫಲ ಕಂಡರೂ ಕೀಳುವಂತಿಲ್ಲ, ಅದು ನವಿಲಿಗೂ ಅಳಿಲಿಗೂ ಬಿಟ್ಟದ್ದು. ತಿನ್ನುವ ಆಸೆಯವರಿಗೆ ದಸರೆಯ ಹೊತ್ತಿಗೆ ಮಹಬೂಬ್‌ನಗರ ಕಡೆಯ ಗುಡ್ಡಗಳ ಹಣ್ಣು ರಸ್ತೆ ಬದಿಯ ಬುಟ್ಟಿಗಳಲ್ಲಿ ಸಿಗುತ್ತದೆ.