ಒನ್ಸೆನ್ ನೀರಿಗೆ ಯಾರೂ ಕೈ ಹಾಕುವುದಿಲ್ಲವೇ?

ಜಪಾನಿನ ಬೆಟ್ಟದೂರುಗಳ ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಗಳ ಬಗ್ಗೆ ಹೊರಗಿನವರಲ್ಲಿ ಬೇರೂರಿದ ನಂಬಿಕೆಯೊಂದಿದೆ: ಜ್ವಾಲಾಮುಖಿಯ ಕಾವಿಗೆ ಕುದ್ದ ನೀರು ನೆಲ ಸೀಳಿ ಬಂದು, ಮನುಷ್ಯರ ಕೈ ಸೋಕದೆ ನೇರ ಸ್ನಾನದ ತೊಟ್ಟಿಗೆ ಬೀಳುತ್ತದೆ, ಹಾಲಿನಂತೆ ಬೆಳ್ಳಗಿದ್ದು ಗಂಧಕ ನಾರಿದರಂತೂ ಅಪ್ಪಟ. ಇದರಲ್ಲಿ ಮೊದಲು ಬಿದ್ದುಹೋಗುವುದು ಕಾವಿನ ಮಾತು. 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಹೊರಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಅಷ್ಟೂ ಇಲ್ಲವೆಂದರೆ, ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ಗೊತ್ತುಪಡಿಸಿದ ಪ್ರಮಾಣದಲ್ಲಿದ್ದರೆ ನಡೆಯುತ್ತದೆ. 25 ಡಿಗ್ರಿ ಮೈಗೆ ತಣ್ಣೀರೇ. ಬಿಸಿನೀರ ಸ್ನಾನಕ್ಕೆ ಅದನ್ನು ಕಾಯಿಸಲೇಬೇಕು. ಜ್ವಾಲಾಮುಖಿಯೂ ಕಡ್ಡಾಯವಲ್ಲ. ಕೋಬೆಯ ಬೆಟ್ಟಗಳ ಹಿಂದಿರುವ ಅರಿಮಾ ದೇಶದ ಅತಿ ಹಳೆಯ ಒನ್ಸೆನ್ ಊರುಗಳಲ್ಲೊಂದು. ಆಸುಪಾಸಿನಲ್ಲಿ ಜೀವಂತ ಜ್ವಾಲಾಮುಖಿ ಇಲ್ಲದಿದ್ದರೂ ಅಲ್ಲಿ ಕುದಿಯುವ ಹದಕ್ಕೆ ಹತ್ತಿರದ ಉಪ್ಪುನೀರು ಉಕ್ಕುತ್ತದೆ. ಜಪಾನಿನ ಅಡಿಗೆ ಜಾರುತ್ತಿರುವ ಫಿಲಿಪ್ಪೀನ್ ಸಮುದ್ರದ ಭೂಫಲಕ ಆಳದಲ್ಲಿ ಬಿಟ್ಟ ನೀರೇ ಅದರ ಮೂಲವೆಂಬುದು ಭೂವಿಜ್ಞಾನಿಗಳ ವಿವರಣೆ.

ಕಾಯಿಸಿದ ನೀರು ಅಸಲಿಯಲ್ಲ ಎನ್ನುವವರು ಕುಸಾತ್ಸುವಿನತ್ತ ನೋಡಬೇಕು. ಗುನ್ಮಾ ಪ್ರಾಂತ್ಯದಲ್ಲಿ ಸುಮಾರು 1,200 ಮೀಟರ್ ಎತ್ತರದಲ್ಲಿರುವ ಈ ಊರಿನ ತೊಂದರೆಯೇ ಬೇರೆ: ಬುಗ್ಗೆಯ ನೀರು ಮೈ ಸುಡುತ್ತದೆ. ತಣ್ಣೀರು ಬೆರೆಸಿದರೆ ಖನಿಜಾಂಶ ತೆಳುವಾಗುತ್ತದೆಂದು, ಉದ್ದುದ್ದ ಹಲಗೆಗಳಿಂದ ನೀರನ್ನು ಮಗುಚಿ ಮಗುಚಿ ಆರಿಸುವ ಯುಮೊಮಿ ಅಲ್ಲಿ ರೂಢಿಯಾಯಿತು. ಈಗ ಅದು ಪ್ರವಾಸಿಗರೆದುರು ಹಾಡು ಹೇಳುತ್ತ ತೋರಿಸುವ ಪ್ರದರ್ಶನ. ಊರ ನಡುವಿನ ಯುಬತಾಕೆಯಲ್ಲಿ ಮರದ ದೋಣಿಗಳುದ್ದಕ್ಕೂ ನೀರು ಹರಿಸುವುದು ಕೂಡ ಬಿಸಿ ತಗ್ಗಿಸಲು, ಜತೆಗೆ ತಳದಲ್ಲಿ ಕೂಡುವ ಗಂಧಕವನ್ನು ಬಳಿದುಕೊಳ್ಳಲು. ಆರಿಸಿದರೆ ಸಂಪ್ರದಾಯ, ಕಾಯಿಸಿದರೆ ಮೋಸ ಎನ್ನುವುದು ಯಾವ ನ್ಯಾಯ?

ಹಾಗಾದರೆ ಮೋಸವೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದು ಮುಚ್ಚಿಡುವುದರಲ್ಲಿದೆ. ನಗಾನೊ ಪ್ರಾಂತ್ಯದ ಶಿರಾಹೊನೆ ಹಾಲುಬಿಳುಪಿಗೆ ಹೆಸರಾದ ಊರು. ಅಲ್ಲಿನ ನೀರು ಬುಗ್ಗೆಯಲ್ಲಿ ತಿಳಿಯಾಗಿದ್ದು, ಗಾಳಿ ಸೋಕಿ ಹೊತ್ತು ಕಳೆದ ಮೇಲಷ್ಟೇ ಬೆಳ್ಳಗಾಗುತ್ತದೆ. ಬಿಳುಪು ಸಾಲದಾದಾಗ ಕೆಲವು ತೊಟ್ಟಿಗಳಿಗೆ ಬಣ್ಣ ಬರಿಸುವ ಪುಡಿ ಹಾಕುತ್ತಿದ್ದುದು 2004ರಲ್ಲಿ ಬಯಲಾಗಿ ದೇಶವೆಲ್ಲ ಗುಲ್ಲಾಯಿತು. ಬೆಳ್ಳಗಿದ್ದರೇ ಅಪ್ಪಟ ಎಂಬ ಗಿರಾಕಿಯ ನಂಬಿಕೆಗೂ ಆ ತಪ್ಪಿನಲ್ಲಿ ಪಾಲಿತ್ತೆನ್ನಬೇಕು. 2005ರಿಂದ ನೀರು ಬೆರೆಸಿದ್ದರೆ, ಕಾಯಿಸಿದ್ದರೆ, ಸೋಸಿ ಮತ್ತೆ ತಿರುಗಿಸುತ್ತಿದ್ದರೆ, ಪುಡಿಯನ್ನೋ ಸೋಂಕುನಿವಾರಕವನ್ನೋ ಹಾಕಿದ್ದರೆ ಕಾರಣಸಹಿತ ಬರೆದು ತೂಗುಹಾಕುವುದು ಕಡ್ಡಾಯ.

ಕ್ಲೋರಿನ್ ವಾಸನೆಗೆ ಮೂಗು ಮುರಿಯುವವರ ಆಕ್ಷೇಪ ಇನ್ನೂ ಉಳಿಯುತ್ತದೆ. 2002ರಲ್ಲಿ ಮಿಯಾಝಾಕಿ ಪ್ರಾಂತ್ಯದ ಹ್ಯೂಗಾದಲ್ಲಿ ಹೊಸದಾಗಿ ತೆರೆದ ಸ್ನಾನಗೃಹವೊಂದರಿಂದ ಲೀಜನೆಲ್ಲಾ ಸೋಂಕು ಹರಡಿ 7 ಮಂದಿ ಸತ್ತರು. ಒಂದೇ ನೀರನ್ನು ತಿರುಗಿಸಿ ಬಳಸುವ ಕಡೆ ಕ್ಲೋರಿನ್ ಇಲ್ಲದಿರುವುದೇ ಭಯಪಡಬೇಕಾದ ಸಂಗತಿ. ಬುಗ್ಗೆಯಿಂದ ಬಂದು ತುಂಬಿ ಹೊರಚೆಲ್ಲುವ ನೀರೇ ಬೇಕೆನ್ನುವವರು ‘ಗೆನ್ಸೆನ್ ಕಾಕೆನಗಾಶಿ’ ಎಂದು ಕೇಳಬಹುದು. ಆದರೆ ಅಂಥ ತೊಟ್ಟಿಯ ನೀರನ್ನೂ ಕಾಯಿಸಿರಬಹುದು. ಬಟ್ಟೆ ಬಿಚ್ಚಿಡುವ ಕೋಣೆಯ ಫಲಕದಲ್ಲಿ ಅದನ್ನು ಬರೆದಿರುತ್ತಾರೆ.