ಕಿರಿಯ ಸಂಶೋಧಕರಿಗೊಂದು ಪಿಗ್ಮಿ ಖಾತೆ

ದಿನಕ್ಕೆ ಎರಡಾಣೆ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಠೇವಣಿಯ ಲೆಕ್ಕ ಅಷ್ಟು ಸಣ್ಣದಾಗಿತ್ತು. ಏಜೆಂಟರು ಮನೆಬಾಗಿಲಿಗೇ ಬಂದು ಚಿಲ್ಲರೆ ಪಡೆದು, ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ವೈದ್ಯರು, ಡಾ. ಟಿ.ಎಂ.ಎ. ಪೈ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದವರೂ ಅವರೇ. ಪಿಗ್ಮಿ ಗೆದ್ದದ್ದು ಕರಾವಳಿಯ ಜನರಿಗೆ ಒಮ್ಮೆಲೇ ಉಳಿತಾಯದ ಬುದ್ಧಿ ಬಂದದ್ದರಿಂದಲ್ಲ. ಬುದ್ಧಿ ಮೊದಲೂ ಇತ್ತು. ದಿನವೂ ತಪ್ಪದೆ ಬಂದು ಕೈಚಾಚುವವರು ಇರಲಿಲ್ಲ, ಬರೆದಿಡುವ ಪುಸ್ತಕ ಇರಲಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಕಿರಿಯ ಸಂಶೋಧಕರಿಗೆ ಸಿಗುವ ಮಾರ್ಗದರ್ಶನ ಇಂದು ಪಿಗ್ಮಿಗೆ ಮೊದಲಿನ ಸ್ಥಿತಿಯಲ್ಲಿದೆ. ಹಿರಿಯರಿಗೆ ಮನಸ್ಸಿಲ್ಲ ಎಂದಲ್ಲ; ಅವರು ಕೊಡಬೇಕಾದ ಸಮಯವನ್ನು ಕೇಳಿ ಪಡೆಯುವ, ಲೆಕ್ಕಕ್ಕೆ ಹಿಡಿಯುವ ಏರ್ಪಾಡು ಇಲ್ಲ.

ಎಂ.ಡಿ. ಓದುವ ಪ್ರತಿಯೊಬ್ಬ ವೈದ್ಯರೂ ಒಂದು ಥೀಸಿಸ್ ಬರೆಯಬೇಕು, ಅದಕ್ಕೊಬ್ಬರು ಗೈಡ್ ಇರಬೇಕು. ಹಾಗಿದ್ದ ಮೇಲೆ ಮಾರ್ಗದರ್ಶನಕ್ಕೇನು ಕೊರತೆ ಎಂದು ಕೇಳಬಹುದು. ಗೈಡ್ ಮತ್ತು ಮೆಂಟರ್ ಎಂಬ ಎರಡು ಕೆಲಸಗಳ ನಡುವಿನ ಅಂತರ ಕಾಣಬೇಕಾದರೆ ಉಡುಪಿ ಜಿಲ್ಲೆಯ ಮಳೆಗಾಲವನ್ನೇ ನೋಡಬೇಕು. ಗದ್ದೆಯ ಕೆಸರಿನಲ್ಲಿ ದುಡಿದವರು ಜ್ವರ, ಮೈಕೈ ನೋವು ಎಂದು ಬರುತ್ತಾರೆ. ಕೆಲವರಿಗೆ ಇಲಿಜ್ವರ ಮೂತ್ರಪಿಂಡಕ್ಕೆ ಇಳಿದಿರುತ್ತದೆ. ಯಾರ ಸ್ಥಿತಿ ಬಿಗಡಾಯಿಸುತ್ತದೆ ಎಂದು ಮೊದಲ ದಿನದ ರಕ್ತಪರೀಕ್ಷೆಯಿಂದಲೇ ಹೇಳಬಹುದೇ ಎಂಬ ಪ್ರಶ್ನೆ ಒಬ್ಬ ಪಿಜಿ ವಿದ್ಯಾರ್ಥಿನಿಗೆ ಹೊಳೆಯುತ್ತದೆ ಎನ್ನೋಣ. ಪ್ರಶ್ನೆ ಒಳ್ಳೆಯದೇ. ಆದರೆ ಎಷ್ಟು ರೋಗಿಗಳು ಬೇಕು? ಕಾರ್ಕಳದ ಒಳಹಳ್ಳಿಗೆ ವಾಪಸಾದವರು ತಿಂಗಳ ಮೇಲೆ ಹೇಗಿದ್ದಾರೆ ಎಂದು ತಿಳಿಯುವುದು ಹೇಗೆ? ಕಾಪುವಿನ ಮೀನುಗಾರ ಕಡಲಿಗೆ ಹೋದ ದಿನ ಫೋನು ಮಾಡಿದರೆ ಸಿಗುತ್ತಾನೆಯೇ? ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೂ ವಿವರಣೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಆಗಬೇಕಲ್ಲ, ಅದನ್ನು ಹೇಳುವವರು ಯಾರು? ಮುಂದೆ ಚಿಕಿತ್ಸಾ ಪ್ರಯೋಗವಾಗಿ ಬೆಳೆದರೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. 2009ರಿಂದ ಅದು ಕಡ್ಡಾಯ. ಥೀಸಿಸ್ ಗಡುವಿನೊಳಗೆ ಮುಗಿಯುವಂತೆ ನೋಡಿಕೊಂಡರೆ ಗೈಡ್ ಕೆಲಸ ಮುಗಿಯಿತು. ಈ ಪ್ರಶ್ನೆ ಮುಂದಿನ ಹತ್ತು ವರ್ಷ ಬಾಳುವಂಥದೇ, ಅದರ ಬೆನ್ನು ಹತ್ತಲು ಈ ಹುಡುಗಿ ಇನ್ನೇನು ಕಲಿಯಬೇಕು, ಲ್ಯಾಬಿನಲ್ಲಿ ಕಂಡದ್ದು ರೋಗಿಯ ಮಂಚದವರೆಗೆ ಬರಲು ಯಾರ ಜೊತೆ ಕೂಡಬೇಕು ಎಂದು ಯೋಚಿಸುವವರು ಮೆಂಟರ್.

ಕೊರತೆ ಎಷ್ಟು ದೊಡ್ಡದು ಎಂಬುದಕ್ಕೆ ಅಂಕಿಗಳಿವೆ. ಡಾ. ಸಮೀರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ದೇಶದ 579 ವೈದ್ಯಕೀಯ ಸಂಸ್ಥೆಗಳ ಹತ್ತು ವರ್ಷಗಳ ಪ್ರಕಟಣೆಗಳನ್ನು ಎಣಿಸಿತು. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನ ಪ್ರಕಟಿಸಿದವು 25 ಮಾತ್ರ. 332 ಸಂಸ್ಥೆಗಳಿಂದ ಒಂದೇ ಒಂದು ಲೇಖನವೂ ಬಂದಿರಲಿಲ್ಲ. ಆ 332ರಲ್ಲೂ ರೋಗಿಗಳಿದ್ದರು, ಪ್ರಾಧ್ಯಾಪಕರಿದ್ದರು. ಇಲ್ಲದೆ ಹೋದದ್ದು ಪ್ರಶ್ನೆಯನ್ನು ಅಧ್ಯಯನವಾಗಿ ಬೆಳೆಸುವ ಪರಿಪಾಠ. ಪರಿಪಾಠ ಒಬ್ಬರಿಂದ ಒಬ್ಬರಿಗೆ ಕೈದಾಟಿ ಬರುವಂಥದು. ಕಡ್ಡಾಯ ಮಾಡಿದ ಆನ್‌ಲೈನ್ ಕೋರ್ಸು ಸಂಶೋಧನಾ ವಿಧಾನವನ್ನು ಕಲಿಸೀತು, ನಿಮ್ಮದೇ ಅಧ್ಯಯನ ಕುಂಟಿದಾಗ ಪಕ್ಕದಲ್ಲಿ ಕೂರಲಾರದು.

ಮಾರ್ಗದರ್ಶನದಿಂದ ನಿಜಕ್ಕೂ ಉಪಯೋಗವಿದೆಯೇ? 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಜಾಮಾ 39 ಅಧ್ಯಯನಗಳ ಪರಾಮರ್ಶೆಯೊಂದನ್ನು ಪ್ರಕಟಿಸಿತು. ವೃತ್ತಿಯ ಆಯ್ಕೆ, ಬೆಳವಣಿಗೆ, ಸಂಶೋಧನೆಯ ಫಲ, ಎಲ್ಲದರ ಮೇಲೂ ಮೆಂಟರ್‌ಗಳ ಪ್ರಭಾವ ಕಾಣುತ್ತದೆ ಎಂದ ಅದೇ ಲೇಖಕರು, ಪುರಾವೆ ಗಟ್ಟಿಯಾಗಿಲ್ಲ ಎಂದೂ ಬರೆದರು. ಆ ಎಚ್ಚರಿಕೆಯನ್ನು ನಾವೂ ಇಟ್ಟುಕೊಳ್ಳಬೇಕು. ಚುರುಕಾದವರಿಗೇ ಮೆಂಟರ್ ಸಿಗುವುದು ಸಹಜ. ಅವರ ಗೆಲುವನ್ನೆಲ್ಲ ಮೆಂಟರ್ ಖಾತೆಗೆ ಬರೆಯುವುದು ತಪ್ಪು. ಇದಕ್ಕಿಂತ ಬಿಗಿಯಾದದ್ದು 2014ರ ಒಂದು ಪ್ರಯೋಗ. ಅಮೆರಿಕದ 16 ಕೇಂದ್ರಗಳ 283 ಮೆಂಟರ್-ಕಿರಿಯರ ಜೋಡಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ಮೆಂಟರ್‌ಗಳಿಗೆ ಮಾತ್ರ ಎಂಟು ಗಂಟೆಯ ತರಬೇತಿ ಕೊಟ್ಟರು. ತರಬೇತಿ ಪಡೆದವರು ತಮ್ಮ ಕೌಶಲ ಹೆಚ್ಚಿತು ಎಂದು ಗುರುತಿಸಿಕೊಂಡ ಪ್ರಮಾಣ ಮತ್ತೊಂದು ಗುಂಪಿನದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು. ಇದು ಅವರವರೇ ಹಾಕಿಕೊಂಡ ಅಂಕ ಎಂಬುದು ನಿಜ. ಆದರೂ ಮಾರ್ಗದರ್ಶನ ಹುಟ್ಟುಗುಣ, ಕಲಿಸಿ ಬರುವಂಥದಲ್ಲ ಎಂಬ ನಂಬಿಕೆಯನ್ನು ಇದು ಸಡಿಲಿಸುತ್ತದೆ.

ಕಲಿಯಬಹುದಾದ ಕೆಲಸವಾದರೆ ಅದಕ್ಕೆ ಹೊತ್ತೂ ಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕಿರಿಯ ವೈದ್ಯ-ಸಂಶೋಧಕರಿಗೆ ಕೊಡುವ ಕೆ23 ಎಂಬ ನೆರವಿನಲ್ಲಿ ಎರಡು ಷರತ್ತುಗಳಿವೆ: ಹೆಸರಿಸಿದ ಮೆಂಟರ್ ಇರಬೇಕು, ಕಿರಿಯರ ಕೆಲಸದ ಸಮಯದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಸಂಶೋಧನೆಗೇ ಮೀಸಲಿರಬೇಕು. ನಮ್ಮಲ್ಲೂ ಬಿತ್ತನೆ ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ಅವಕಾಶ ಕೊಡುತ್ತ ಬಂದಿದೆ; ಸಂಶೋಧನೆಗೆ ಹಣ ನೀಡುವ ಇಂಡಿಯಾ ಅಲಯನ್ಸ್ 2008ರಿಂದ ಫೆಲೋಶಿಪ್ ನಡೆಸುತ್ತಿದೆ. ಮೊದಲನೆಯದು ಎರಡು ತಿಂಗಳಿಗೆ ಮುಗಿಯುತ್ತದೆ, ಎರಡನೆಯದು ಕೆಲವರಿಗಷ್ಟೇ ಸಿಗುತ್ತದೆ. ನಡುವಿನ ವರ್ಷಗಳು ಒಪಿಡಿ, ವಾರ್ಡು, ರಾತ್ರಿ ಡ್ಯೂಟಿಗಳಲ್ಲಿ ಕಳೆದುಹೋಗುತ್ತವೆ.

ರೋಗಿಗಳ ಸಾಲು ಬೆಳೆದಿರುವಾಗ ವೈದ್ಯರನ್ನು ಬಿಟ್ಟುಕೊಡಲು ಸಾಧ್ಯವೇ ಎಂಬುದು ನಾನು ಗೌರವಿಸುವ ಆಕ್ಷೇಪ. ಉತ್ತರ ಮಣಿಪಾಲದಲ್ಲೇ ಇದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಿಂದ ಬಂದ ಮಾದರಿಗಳಲ್ಲಿ ನಿಪಾ ವೈರಸ್ ಇದೆಯೆಂದು ಡಾ. ಜಿ. ಅರುಣ್‌ಕುಮಾರ್ ಮುಂದಾಳತ್ವದ ಇಲ್ಲಿನ ವೈರಾಣು ಪ್ರಯೋಗಾಲಯ ಗುರುತಿಸಿತು; ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಹದಿನೇಳು ಮಂದಿಯನ್ನು ಬಲಿ ಪಡೆದ ಆ ಸೋಂಕು ಇನ್ನೂ ಹರಡದಂತೆ ತಡೆಯಲು ಬೇಗ ಗುರುತಿಸಿದ್ದು ನೆರವಾಯಿತು. ಅಂಥ ಸಿದ್ಧತೆ ಒಂದು ರಾತ್ರಿಯಲ್ಲಿ ಬರುವುದಿಲ್ಲ. ಹಲವು ರಾಜ್ಯಗಳ ಜ್ವರಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕೆಲಸ ಅದರ ಹಿಂದಿತ್ತು. ಆ ವರ್ಷಗಳಲ್ಲಿ ಕಲಿಕೆಗೆ ಕೊಟ್ಟ ಗಂಟೆಗಳನ್ನು ರೋಗಿಗಳಿಂದ ಕಿತ್ತುಕೊಂಡದ್ದು ಎನ್ನಲಾದೀತೇ?

ಗುರು-ಶಿಷ್ಯ ಸಂಬಂಧವನ್ನು ರೋಸ್ಟರಿಗೆ ಕಟ್ಟಿದರೆ ಅದರ ಜೀವ ಹೋಗುತ್ತದೆ ಎನ್ನುವವರಿದ್ದಾರೆ. ಯಕ್ಷಗಾನದ ಊರಿನಲ್ಲಿ ಈ ಮಾತು ನಿಲ್ಲದು. ಮೇಳ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಪೂರ್ವರಂಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕುಣಿದು ಮೇಲೆ ಬರುತ್ತಿದ್ದ. ಗುರುವಿನ ಪ್ರೀತಿಯ ಜೊತೆಗೆ ಹೊಸಬನಿಗೆಂದೇ ರಂಗದಲ್ಲಿ ಮೀಸಲಿಟ್ಟ ಹೊತ್ತೂ ಇತ್ತು. ಕಟ್ಟುನಿಟ್ಟು ಆ ಪ್ರೀತಿಯನ್ನು ಕೊಂದಿಲ್ಲ. ಗುರು ಒಬ್ಬರೇ ಆಗಿ, ಅವರ ಮಾತೇ ಕಟ್ಟಳೆಯಾದಾಗ ಕಿರಿಯರ ಹೆಸರು ಲೇಖನದಿಂದ ಜಾರುವ, ದೂರು ಹೇಳಲು ಜಾಗವಿಲ್ಲದ ಅಪಾಯವೇ ಹೆಚ್ಚು. ಒಬ್ಬ ಕಿರಿಯರಿಗೆ ಬೇರೆ ಬೇರೆ ವಿಭಾಗದ ಇಬ್ಬರು ಮೂವರು ಮೆಂಟರ್‌ಗಳಿರಲಿ ಎನ್ನುವುದು ಇದಕ್ಕಾಗಿ.

ಕಲಿತವರು ವಿದೇಶಕ್ಕೆ ಹೋಗುತ್ತಾರಲ್ಲ ಎಂಬ ನೋವು ನಿಜವಾದದ್ದೇ. ಕರಾವಳಿಯ ಮನೆಗಳಿಗೆ ಅದು ಹೊಸತಲ್ಲ. ಆದರೆ ಇಲಿಜ್ವರದ ಪ್ರಶ್ನೆಯನ್ನು ಅಮೆರಿಕಕ್ಕೆ ಒಯ್ದು ಬಿಡಿಸಲಾಗದು. ರೋಗಿ ಇಲ್ಲಿದ್ದಾನೆ, ಗದ್ದೆ ಇಲ್ಲಿದೆ. ಇಲ್ಲೇ ಕೆಲಸ ಸಾಗುತ್ತದೆ ಎಂಬ ಭರವಸೆ ಇದ್ದರೆ ಉಳಿಯುವವರೂ ಇರುತ್ತಾರೆ. ಆ ಭರವಸೆ ಮೂಡಿಸಲು ಕಾಲೇಜುಗಳು ಮಾಡಬಹುದಾದದ್ದಿದೆ. ಬಡ್ತಿಯ ಅರ್ಜಿಯಲ್ಲಿ ಪ್ರಕಟವಾದ ಲೇಖನಗಳಿಗೆ ಜಾಗವಿದೆ. ಅದರ ಪಕ್ಕದಲ್ಲಿ ಈ ವರ್ಷ ಯಾವ ಕಿರಿಯರೊಂದಿಗೆ ಎಷ್ಟು ಗಂಟೆ ಕುಳಿತಿರಿ, ಅವರ ಅಧ್ಯಯನ ಎಲ್ಲಿಗೆ ಬಂತು ಎಂದು ಕೇಳುವ ಇನ್ನೊಂದು ಕಾಲಂ ಸೇರಿಸಲಿ. ವಾರಕ್ಕೆ ಒಂದು ಮಧ್ಯಾಹ್ನ ಮೆಂಟರ್ ಮತ್ತು ಕಿರಿಯರು ಇಬ್ಬರ ಹೆಸರನ್ನೂ ಡ್ಯೂಟಿ ಪಟ್ಟಿಯಿಂದ ಬಿಡಿಸಿ ಕೊಡಲಿ. ಮೊದಲ ಕಂತಿಗೆ ಅಷ್ಟು ಸಾಕು.