ಅಂಗಸಾಧನೆಯ ಮಕ್ಕಳಿಗೆ ಹೊಟ್ಟೆ ಕಟ್ಟಿಸಬೇಡಿ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಪ್ರೌಢಶಾಲೆಗಳಲ್ಲಿ ಆಟೋಟವೆಂದರೆ ಬಹುಮಟ್ಟಿಗೆ ಕಬಡ್ಡಿ, ಖೊಖೊ, ವಾಲಿಬಾಲ್ ಮತ್ತು ಓಟ. ಜಿಮ್ನಾಸ್ಟಿಕ್ಸ್ ಎಂಬ ಅಂಗಸಾಧನೆಗೆ ಬೇಕಾದ ದಪ್ಪ ಹಾಸು, ತೊಲೆ, ಕಂಬಿಗಳನ್ನು ಕಾಣಬೇಕಾದರೆ ನಮ್ಮವರು ಮೈಸೂರು, ಬೆಂಗಳೂರುಗಳ ಕಡೆಗೆ ನೋಡಬೇಕು. ಆದರೂ ಇತ್ತೀಚೆಗೆ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ಕರೆತಂದು, "ಕಾಲೇಜಿಗೆ ಹೋಗುವ ಹೊತ್ತಿಗೆ ಯೂನಿವರ್ಸಿಟಿ ತಂಡ ಸೇರಬೇಕಂತೆ, ಮೈ ಹಗುರವಾಗಲು ಏನಾದರೂ ಕೊಡಿ ಡಾಕ್ಟ್ರೇ" ಎಂದು ಕೇಳುವ ತಂದೆತಾಯಂದಿರನ್ನು ನಾವು ಕಾಣುತ್ತಿದ್ದೇವೆ. ಅಂತಹ ಔಷಧವನ್ನು ನಾವು ಕೊಡುವುದಿಲ್ಲ. ಏಕೆಂಬುದನ್ನು ಭಕ್ತಬಾಂಧವರ ಮುಂದೆ ಬಿಡಿಸಿಡುವುದು ಅಗತ್ಯವೆನಿಸಿದೆ.

ಮಕ್ಕಳ ಆಸೆಯಲ್ಲಿ ತಪ್ಪಿಲ್ಲ. ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲಿ ಜಿಮ್ನಾಸ್ಟಿಕ್ಸ್ ಇದೆ, ಮಲ್ಲಕಂಬವೂ ಇದೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕ್ರೀಡಾಪಟುಗಳಿಗೆ ಮೀಸಲು ಸ್ಥಾನಗಳಿವೆ. ಈ ವಿದ್ಯೆ ಕನ್ನಡ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ಸಾಧನೆಯ ಪ್ರಸ್ತಾಪವಿದೆ. ಇಂದಿಗೂ ಬಾಗಲಕೋಟೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರಗಳಲ್ಲಿ ಸಾಮಾನ್ಯ ಮನೆಗಳ ಮಕ್ಕಳು ಕಂಬವೇರುತ್ತಾರೆ. ಮೂಡುಬಿದಿರೆಯ ಆಳ್ವಾಸ್ ವಿದ್ಯಾಸಂಸ್ಥೆಯಲ್ಲಿ ಮಲ್ಲಕಂಬವನ್ನು ಕಾಲೇಜು ವಿದ್ಯಾರ್ಥಿಗಳು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಾರೆ. ಉಪಕರಣವಿಲ್ಲದ ನಮ್ಮ ಊರುಗಳಿಗೆ ಒಂದು ಕಂಬ, ಒಂದು ಹಗ್ಗ ಮತ್ತು ಗರಡಿಮನೆಯ ಮೆತ್ತನೆಯ ಮಣ್ಣು ಒಳ್ಳೆಯ ಆರಂಭವೆಂದೇ ನಮ್ಮ ಎಣಿಕೆ.

ನಮ್ಮ ಆತಂಕವಿರುವುದು ತಟ್ಟೆಯ ವಿಷಯದಲ್ಲಿ. ಹೆಣ್ಣುಮಕ್ಕಳು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿ, ಗಂಡುಮಕ್ಕಳು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದಿನಿಂದ ಬರುತ್ತದೆ. ನಿನ್ನೆಯವರೆಗೆ ಸಲೀಸಾಗಿ ಲಾಗ ಹಾಕುತ್ತಿದ್ದ ಮಗು ಈಗ ತಡವರಿಸಿದರೆ ಅದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ. ಇದನ್ನರಿಯದ ಹಿರಿಯರು "ದಪ್ಪಗಾದಳು" ಎಂದು ರಾತ್ರಿಯ ಮುದ್ದೆಯನ್ನು ಅರ್ಧಕ್ಕಿಳಿಸುತ್ತಾರೆ. ಹನೂರಿನ ಕಡೆಯ ಹದಿನೈದರ ಬಾಲಕಿಯೊಬ್ಬಳನ್ನು ಸುಸ್ತು, ಕಾಲುನೋವು ಎಂದು ನಮ್ಮಲ್ಲಿಗೆ ಕರೆತಂದಿದ್ದರು. ವಿಚಾರಿಸಿದಾಗ ಆರು ತಿಂಗಳಿಂದ ಮುಟ್ಟು ನಿಂತಿತ್ತು. ತಾಯಿ ಅದನ್ನು "ಆಟದವರಿಗೆ ಹಾಗೇ ಆಗುತ್ತೆ" ಎಂದು ಸಮಾಧಾನವಾಗಿಯೇ ಹೇಳಿದರು.

ಹಾಗೆ ಆಗಬಾರದು. ಉಂಡದ್ದಕ್ಕಿಂತ ವ್ಯಯ ಹೆಚ್ಚಾದಾಗ ಶರೀರವು ಮೊದಲು ಋತುಚಕ್ರವನ್ನು ನಿಲ್ಲಿಸಿ ಉಳಿತಾಯಕ್ಕೆ ತೊಡಗುತ್ತದೆ. ಅದರ ಹಿಂದೆಯೇ ಮೂಳೆ ಸವೆಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು, ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲವೆಂದರು. ನಮ್ಮ ಶಾಸ್ತ್ರದ ಮಾತಿನಲ್ಲಿ ಇದು ಧಾತುಕ್ಷಯ. 15 ತುಂಬಿದರೂ ಮೈನೆರೆಯದಿದ್ದರೆ, ಅಥವಾ ಮೂರು ತಿಂಗಳು ಮುಟ್ಟು ತಪ್ಪಿದರೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು. ನಾಚಿಕೆಯಿಂದ ಮುಚ್ಚಿಡುವ ವಿಷಯವಿದಲ್ಲ.

ವಾಗ್ಭಟಾಚಾರ್ಯರು ವ್ಯಾಯಾಮವನ್ನು ಹೇಳುವಾಗ ಬಲವಂತರು, ಸ್ನಿಗ್ಧ ಆಹಾರ ಸೇವಿಸುವವರು ತಮ್ಮ ಅರ್ಧಬಲದಷ್ಟು ಮಾಡಬೇಕೆಂದು ವಿಧಿಸುತ್ತಾರೆ. ಬಾಲರಿಗೆ ಅದನ್ನು ನಿಷೇಧಿಸಿದ್ದಾರಲ್ಲ ಎಂದು ಬಲ್ಲವರು ಕೇಳಬಹುದು. ಆ ನಿಷೇಧವನ್ನು ನಾವು ಎಳೆಯ ಶರೀರವನ್ನು ದಂಡಿಸಬಾರದೆಂಬ ಎಚ್ಚರಿಕೆಯಾಗಿ ಗ್ರಹಿಸುತ್ತೇವೆ. ಆಟವಾಡದ ಮಗು ಬೆಳೆಯುವುದೆಂತು? ಹಣೆ, ಕಂಕುಳಲ್ಲಿ ಬೆವರೊಡೆದು, ಬಾಯಿ ಒಣಗಿ, ಉಸಿರು ಬಾಯಿಂದ ಬರತೊಡಗಿದರೆ ಅರ್ಧಬಲ ಮುಗಿಯಿತೆಂದು ತಿಳಿದು ಸ್ವಲ್ಪ ಕೂರಿಸಬೇಕು. ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿಯಿರಲಿ. ಮಾದಪ್ಪನ ಒಕ್ಕಲಿನ ಮನೆಗಳಲ್ಲಿ ಸೋಮವಾರ ಒಪ್ಪತ್ತು ಇರುವುದುಂಟಷ್ಟೆ. ವಿಶ್ರಾಂತಿಯ ದಿನವನ್ನೂ ಸೋಮವಾರಕ್ಕೇ ಇಟ್ಟುಕೊಂಡರೆ ಆಚರಣೆಯೂ ಉಳಿಯುತ್ತದೆ, ಮಗುವೂ ಬಳಲದು. ಅಂದೂ ಹಾಲು, ಹಣ್ಣು ಧಾರಾಳವಾಗಿರಲಿ.

ಮೊಟ್ಟೆ, ಮಾಂಸವಿಲ್ಲದೆ ಸ್ನಾಯು ಬೆಳೆಯದೆಂಬ ಅಂಜಿಕೆ ಅನೇಕರಿಗಿದೆ. ಬೇಕಿಲ್ಲ, ಆದರೆ ಕಾಳು ಮತ್ತು ಹಾಲಿನಲ್ಲಿ ಜಿಪುಣತನ ಸಲ್ಲದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಬೆಳಗಿನ ಅಭ್ಯಾಸಕ್ಕೆ ಮುನ್ನ ಒಂದು ಬಾಳೆಹಣ್ಣು, ಮುಗಿದ ಕೂಡಲೇ ತಿಂಡಿಯೊಂದಿಗೆ ಮೊಳಕೆ ಹೆಸರುಕಾಳು ಮತ್ತು ಹಾಲು, ಮಧ್ಯಾಹ್ನ ಶಾಲೆಯ ಬಿಸಿಯೂಟ, ಸಂಜೆ ಹುರಿಗಡಲೆ ಅಥವಾ ಕಡಲೆಕಾಯಿಯ ಜೊತೆ ಬೆಲ್ಲ, ರಾತ್ರಿ ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಉಪ್ಸಾರು, ಸೊಪ್ಪಿನ ಪಲ್ಯ, ತುಪ್ಪ, ಮಜ್ಜಿಗೆ. ಊಟದೊಡನೆ ನೆಲ್ಲಿಕಾಯಿ ಅಥವಾ ನಿಂಬೆರಸವಿದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಟೀಗಳು ಅದನ್ನು ತಡೆಯುತ್ತವೆ. ಡಬ್ಬಿಯಲ್ಲಿ ಬರುವ ಗುರುತಿಲ್ಲದ ಪುಡಿಗಳು ಬೇಡ. ಲೇಹ್ಯವನ್ನೂ ಊಟಕ್ಕೆ ಬದಲಾಗಿ ಕೇಳಬೇಡಿ.

ನೋವಿನ ವಿಷಯದಲ್ಲಿ ಎರಡನ್ನು ಕಡೆಗಣಿಸಲಾಗದು. ಕೈಮೇಲೆ ನಿಲ್ಲುವಾಗ ಮಣಿಕಟ್ಟಿನ ಹೆಬ್ಬೆರಳ ಕಡೆ ನೋವಾದರೆ ಎಳೆಮೂಳೆಯ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿರಬಹುದು. ಹಿಂದಕ್ಕೆ ಬಾಗಿದಾಗ ಸೊಂಟದಲ್ಲಿ ನೋವು ಎರಡು ಮೂರು ವಾರ ಉಳಿದರೆ ಬೆನ್ನುಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ಇಂಥವಕ್ಕೆ ಮೂಳೆ ತಜ್ಞರ ಪರೀಕ್ಷೆಯೇ ಮೊದಲು, ನಮ್ಮ ತೈಲ ಆಮೇಲೆ. ಎಕ್ಸ್-ರೇ ಇಲ್ಲದೆ ಕಟ್ಟು ಕಟ್ಟಿಸುವುದು, ಉಜ್ಜಿಸುವುದು ಅಪಾಯ. ಇನ್ನು ಮೊಬೈಲ್ ನೋಡಿ ಸಿಮೆಂಟ್ ನೆಲದ ಮೇಲೆ ಲಾಗ ಹಾಕುವ ಹುಡುಗರಿಗೆ ಕತ್ತಿನ ಬೆಲೆ ಗೊತ್ತಿಲ್ಲ. ಗುರುವಿಲ್ಲದೆ ಅದನ್ನು ಮಾಡಕೂಡದು.

ಅವಸರವೂ ಬೇಡ. ಅಂತರರಾಷ್ಟ್ರೀಯ ಹಿರಿಯರ ಸ್ಪರ್ಧೆಗೆ ಹುಡುಗಿಯರಿಗೆ ಆ ವರ್ಷ 16, ಹುಡುಗರಿಗೆ 18 ತುಂಬಿರಬೇಕು. ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ಅವರಿಗೆ 23. ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕವೂ ಶ್ರಮಿಸಿ 2024ರಲ್ಲಿ ತಾಷ್ಕೆಂಟಿನಲ್ಲಿ ಏಷ್ಯಾ ಚಾಂಪಿಯನ್ ಆದಾಗ 30.

ವಾಗ್ಭಟರು ಪೂರ್ಣ ಪ್ರಮಾಣದ ವ್ಯಾಯಾಮಕ್ಕೆ ಚಳಿಗಾಲವನ್ನೂ ವಸಂತವನ್ನೂ ಹೇಳಿ, ಉಳಿದ ಋತುಗಳಲ್ಲಿ ಮಂದವಾಗಿರಲೆಂದಿದ್ದಾರೆ. ನಮ್ಮ ಬಿಸಿಲೂ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಒಟ್ಟಿಗೇ ಬರುತ್ತವೆ. ಆ ದಿನಗಳಲ್ಲಿ ಅಭ್ಯಾಸವನ್ನು ಬೆಳಗಿನ ಅರ್ಧ ಗಂಟೆಗೆ ಇಳಿಸಿ, ರಾತ್ರಿ ಎಂಟು ಗಂಟೆಗಳ ನಿದ್ದೆ ತಪ್ಪದಂತೆ ನೋಡಿಕೊಳ್ಳಿ. ರಾತ್ರಿಯ ಮುದ್ದೆಯನ್ನು ಮಾತ್ರ ಇಳಿಸಬೇಡಿ.